ಬಿತ್ತಿದರೂ ಉಳಿಯುತ್ತಿದ್ದ ದಾರಿ

ನನ್ನ ತವರಿನ ಹೊಲದ ನಡುವೆ ಒಂದು ಕಾಲುದಾರಿ ಇತ್ತು. ಊರಾಚೆಯ ಕಾಲೋನಿಯಿಂದ ಬಸ್ ಸ್ಟಾಪಿಗೆ ಅದೇ ಹತ್ತಿರದ ದಾರಿ. ಭೀಮನಬೀಡಿನ ಕಡೆಯ ಒಂದು ಸಣ್ಣ ಊರು ನಮ್ಮದು. ಹೆಸರು ಬರೆದರೆ ಅಣ್ಣ ಬೇಜಾರು ಮಾಡಿಕೊಳ್ಳುತ್ತಾನೆ, ಬೇಡ. ಕತ್ತಾಳೆ ಬೇಲಿಯಲ್ಲಿ ಒಂದು ಸಂದು, ಆ ಸಂದಿನಲ್ಲಿ ನೆಟ್ಟ ಒಂದು ಕವೆ, ಎರಡಾಗಿ ಕವಲೊಡೆದ ಕೊಂಬೆ. ಮನುಷ್ಯರು ಕಾಲೆತ್ತಿ ದಾಟಬಹುದು, ದನ ನುಗ್ಗುವಂತಿಲ್ಲ. ಹೊಲದ ಆ ತುದಿಯಲ್ಲಿ ಅಂಥದ್ದೇ ಇನ್ನೊಂದು ಕವೆ, ಅದರಾಚೆ ಟಾರು ರಸ್ತೆ, ಆಲದ ಮರ, ಮರದ ಕೆಳಗೆ ಬಸ್ಸು.

ಉಳುವ ಕಾಲಕ್ಕೆ ಅಪ್ಪ ಆ ದಾರಿಯನ್ನು ಬಿಟ್ಟು ಉಳಿಸುತ್ತಿರಲಿಲ್ಲ. ನೇಗಿಲು ಅದರ ಮೇಲೇ ಹೋಗುತ್ತಿತ್ತು, ಬೀಜವೂ ಅಲ್ಲಿ ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಕಾಲೋನಿಯವರು ಉತ್ತ ಮಣ್ಣಿನ ಮೇಲೇ ನಡೆದು ಬಸ್ಸಿಗೆ ಹೋಗುತ್ತಿದ್ದರು. ಹುರುಳಿ ಮೊಳಕೆಯೊಡೆಯುವ ಹೊತ್ತಿಗೆ ಹೊಲದ ಮಧ್ಯೆ ಬೈತಲೆ ತೆಗೆದ ಹಾಗೆ ದಾರಿ ಮತ್ತೆ ಕಾಣುತ್ತಿತ್ತು. ಹೇಗೂ ತುಳಿಯುತ್ತಾರಲ್ಲ, ಅಲ್ಲಿ ಬೀಜ ಯಾಕೆ ದಂಡ ಮಾಡಬೇಕು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಪ್ಪ ನಕ್ಕಿದ್ದರು.

“ನಾವು ಬಿತ್ತುದ್ರೆ ಹೊಲ ನಮ್ದೇ ಅಂತ ಆಯ್ತದ. ಅವ್ರು ತುಳುದ್ರೆ ದಾರಿ ಅವ್ರುದೇ ಅಂತ ಆಯ್ತದ. ಇಬ್ರೂ ಬಾಯ್ ಬುಡಂಗಿಲ್ಲ ಕಣಮ್ಮಿ.”

ಅಪ್ಪ ದೇವರಂಥ ಮನುಷ್ಯ ಎಂದು ಸಾರಲು ನಾನು ಇದನ್ನು ಬರೆಯುತ್ತಿಲ್ಲ. ಕಾಲೋನಿಯವರು ನಮ್ಮ ಜಗಲಿ ಹತ್ತಿದವರಲ್ಲ. ನೀರು ಕೇಳಿದರೆ ಅವ್ವ ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದಳು, ಪಕ್ಕದಲ್ಲೇ ನಿಂತಿದ್ದ ನನಗೆ ಅದು ತಪ್ಪು ಅನ್ನಿಸಿರಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ. ಹಳೆಯ ಕಾಲ ಬಂಗಾರದ್ದು ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಆದರೂ ಒಂದು ಮಾತು ಹೇಳಲೇಬೇಕು. ಅಪ್ಪ ಬೆಳಗಾದರೆ ಬೇವಿನ ಕಡ್ಡಿ ಕಚ್ಚಿಕೊಂಡು ಬದುವಿನ ಮೇಲೆ ಕೂರುತ್ತಿದ್ದರು. ಹೋಗಿ ಬರುವವರೆಲ್ಲ ಅವರ ಮುಂದೆಯೇ ಹೋಗಬೇಕು. ಒಬ್ಬಳ ಮಗುವಿಗೆ ಜ್ವರ ಇಳಿದಿಲ್ಲ, ಇನ್ನೊಬ್ಬನ ಸೂರು ಸೋರುತ್ತಿದೆ, ಮತ್ತೊಬ್ಬಳ ಗಂಡ ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋದವನು ಪತ್ತೆಯಿಲ್ಲ. ಅಪ್ಪ ಗೊಣಗುತ್ತಿದ್ದರು, ಬೈಯುತ್ತಿದ್ದರು, ಕೆಲವೊಮ್ಮೆ ಏನಾದರೂ ಮಾಡುತ್ತಿದ್ದರು, ಎಷ್ಟೋ ಸಲ ಏನೂ ಮಾಡುತ್ತಿರಲಿಲ್ಲ. ಆದರೆ ನನಗೆ ಗೊತ್ತೇ ಇರಲಿಲ್ಲ ಎಂದು ಹೇಳುವ ಹಾಗಂತೂ ಇರಲಿಲ್ಲ.

ಆ ದಾರಿಯನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತುಳಿದವನು ನನ್ನ ಅಣ್ಣ. ಮೀಸೆ ಚಿಗುರುವ ಮುಂಚೆಯೇ ಈರುಳ್ಳಿ ಮೂಟೆ ಹೊತ್ತು, ಬರಿಗಾಲಲ್ಲಿ, ಮಂಜು ಕವಿದಿರುವಾಗಲೇ ಮೊದಲ ಬಸ್ಸಿಗೆ ಓಡುತ್ತಿದ್ದ. ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವುದರಿಂದ ಶುರು ಮಾಡಿ, ತರಕಾರಿ ತುಂಬಿದ ಸ್ವಂತ ಲಾರಿಗಳನ್ನು ಕೇರಳಕ್ಕೆ ಕಳಿಸುವ ತನಕ ಬೆಳೆದ. ಕದ್ದು ಬೆಳೆದವನಲ್ಲ, ಬೆವರು ಸುರಿಸಿಯೇ ಬೆಳೆದ. ಅವನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯೇ. ಇದನ್ನೂ ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ.

ನಾನು ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಈಚೆಗೆ ನಿವೃತ್ತಳಾದೆ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಅಣ್ಣ ಕಾರು ಕಳಿಸುತ್ತಿದ್ದ. ಬಾಗಿನ ತೆಗೆದುಕೊಂಡು ಅದೇ ಕಾರಿನಲ್ಲಿ ವಾಪಸು. ಅಣ್ಣ ಹೊಲದಲ್ಲೇ ಹೊಸ ಮನೆ ಕಟ್ಟಿದ ಮೇಲೂ ಹೀಗೇ ನಡೆಯಿತು. ಕಾರು ಗೇಟಿನೊಳಗೆ ಹೋಗಿ ನಿಲ್ಲುತ್ತಿತ್ತು, ನಾನು ಇಳಿದು ಅತ್ತಿಗೆಯ ಅಡುಗೆಮನೆಗೆ ಹೋಗುತ್ತಿದ್ದೆ. ಸುತ್ತಲೂ ಏನಾಗಿದೆ ಎಂದು ನೋಡುವ ಪ್ರಸಂಗವೇ ಬರಲಿಲ್ಲ.

ಕಳೆದ ಬಾರಿ ಹಬ್ಬಕ್ಕೆ ಮುಂಚೆಯೇ, ಹೇಳದೆ ಕೇಳದೆ, ಬಸ್ಸಿನಲ್ಲಿ ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದು ಕಡಿಮೆ. ತೆರಕಣಾಂಬಿ ದಾಟಿ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಆಲದ ಮರದ ಹತ್ತಿರ ಇಳಿದೆ. ಮೊದಲು ಕಾಲೋನಿಗೆ ಹೋಗಿ ನಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ ಮುದುಕಿಯನ್ನು ಮಾತಾಡಿಸಿಕೊಂಡು ಬರೋಣ ಎಂದು ಕವೆಯ ಕಡೆ ತಿರುಗಿದರೆ, ಕವೆ ಇಲ್ಲ. ಬೇಲಿ ಇಲ್ಲ. ನನಗಿಂತ ಎತ್ತರದ ಸಿಮೆಂಟು ಗೋಡೆ, ಅದರ ಮೇಲೆ ಗಾಜಿನ ಚೂರು, ಚೂರುಗಳ ಮೇಲೆ ತಂತಿ, ಮೂಲೆಯಲ್ಲಿ ಕ್ಯಾಮೆರಾ.

ದೊಡ್ಡ ಗೇಟಿನ ಕಡೆ ನೋಡಿದೆ. ಅಲ್ಲಿ ಕೇರಳದ ಕಾರುಗಳು ನಿಂತಿದ್ದವು. ಮನೆಯ ಮುಂದಿನ ಚೆಂಡು ಹೂವಿನ ತಾಕಿನಲ್ಲಿ ಅತ್ತಿಗೆ ಒಂದು ಉಯ್ಯಾಲೆ ಕಟ್ಟಿಸಿದ್ದಾಳೆ. ಪ್ರವಾಸಕ್ಕೆ ಬಂದವರು ಒಳಗೆ ಹೋಗಿ, ಉಯ್ಯಾಲೆಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ವಾಚ್‌ಮನ್ ಅವರಿಗೆ ನಗುತ್ತಾ ದಾರಿ ಬಿಡುತ್ತಿದ್ದ. ನಾನು ಆ ಕಡೆ ಹೋಗಲಿಲ್ಲ. ಸಿಟ್ಟು ಬಂದಾಗ ನನಗೆ ಸುತ್ತು ದಾರಿಯೇ ಲೇಸು ಅನ್ನಿಸುತ್ತದೆ.

ಗೋಡೆ ಸುತ್ತಿಕೊಂಡು ಟಾರು ರಸ್ತೆಯ ಅಂಚಿನಲ್ಲೇ ನಡೆದೆ. ಕಲ್ಲಿನ ಕ್ವಾರಿಯ ಟಿಪ್ಪರ್‌ಗಳು ಒಂದರ ಹಿಂದೆ ಒಂದು ಬಂದವು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಟಿಪ್ಪರ್, ನಡುವೆ ನನ್ನ ಚಪ್ಪಲಿಯಷ್ಟು ಜಾಗ. ಜೀವ ಕೈಯಲ್ಲಿ ಹಿಡಿದುಕೊಂಡು ಮೋರಿ ಕಟ್ಟೆಯ ಹತ್ತಿರ ನಿಂತೆ. ಕಾಲೋನಿ ತಲುಪುವಾಗ ಸೀರೆಯೆಲ್ಲ ಬಿಳಿ ಧೂಳು.

ಮುದುಕಿ ಬಾಗಿಲಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಅವಳ ಮೊಮ್ಮಗಳು, ಗುಂಡ್ಲುಪೇಟೆಯ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದವಳು, ಬೆನ್ನಿನ ಬ್ಯಾಗು ಕೂಡ ಇಳಿಸದೆ ಹೊಸ್ತಿಲ ಮೇಲೆ ಕೂತಿದ್ದಳು.

“ಯಾಕವ್ವ, ಕಾಲೇಜು ಇಲ್ಲವಾ?” ಎಂದೆ.

“ಬಸ್ಸು ಓಯ್ತು ಮೇಡಂ. ಟಿಪ್ಪರ್ ಸಾಲಾಗ್ ಬಂದ್ರ ಮೋರಿ ಅತ್ರ ನಿಂತ್ಕಬೇಕು. ಅಷ್ಟೊತ್ಗ ಬಸ್ಸು ಎದ್ದೋಗ್ಬುಟ್ಟಿರ್ತದ. ಮುಂದಿನ್ ಬಸ್ಸಿಗ ಓದ್ರ ಅರ್ಧ ಕ್ಲಾಸು ಮುಗ್ದಿರ್ತದ.”

“ಸ್ವಲ್ಪ ಮುಂಚೆ ಹೊರಡಬೇಕಪ್ಪ” ಎಂದೆ. ಮೇಷ್ಟರ ಬಾಯಿ, ಸುಮ್ಮನಿರುವುದಿಲ್ಲ.

ಮುದುಕಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. “ಇನ್ನೂ ಮುಂಚ ಅಂದ್ರ ಕತ್ಲಲ್ಲಿ ಕಣವ್ವ. ಚಿರ್ತ ಬತ್ತದ, ಅಂದಿ ಬತ್ತದ. ಅವ್ರವ್ವ ಕೆಲ್ಸಕ್ಕ ಓದ್ಮೇಲ ನೀರು ಇಡ್ದಿಕ್ಕೋದು ಈ ಕೂಸೇ. ಮೊನ್ನ ಟಿಪ್ಪರು ಬ್ಯಾಗ್ಗ ತಗುಲ್ಕಂಡು ಓಯ್ತು. ಇನ್ನು ಕಳ್ಸದಿಲ್ಲ ಅಂತ ಅವ್ರವ್ವ ಕುಂತವ್ಳ. ಆಜರಿ ಸಾಲ್ದು, ಪರೀಕ್ಷಗ ಕೂರ್ಸದಿಲ್ಲ ಅಂತ ಕಾಲೇಜ್ನೋರು ಯೋಳವ್ರ. ಯಾನ ಮಾಡದು?”

“ನಮ್ಮಣ್ಣನಿಗೆ ಯಾರೂ ಹೇಳಲಿಲ್ಲವಾ?”

“ಓಗಿದ್ದೊ ಕಣವ್ವ. ಗೇಟಲ್ಲಿ ಇರೋನು ಯೆಸ್ರು ಯಾನು, ಫೋನ್ ನಂಬರ್ ಯಾನು, ಯಾರ್ನ ನೋಡ್ಬೇಕು ಅಂದ. ಬುದ್ದಿಯೋರ್ನ ಅಂದೊ. ಅಪಾಯಿಂಟ್‌ಮೆಂಟ್ ಅದಾ ಅಂದ. ಅದ್ಯಾನ ಅಂತ ನಂಗೊತ್ತಿಲ್ಲ. ವಾಪಸ್ ಬಂದೊ.”

ನಾನು ಮಾತಾಡುತ್ತೇನೆ, ಕಾಲೇಜು ಬಿಡಬೇಡ ಎಂದು ಹುಡುಗಿಗೆ ಹೇಳಿ ಎದ್ದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಅಣ್ಣ ನನ್ನನ್ನು ನೋಡಿ ಹಿಗ್ಗಿದ. ಬಸ್ಸಿನಲ್ಲಿ ಯಾಕೆ ಬಂದೆ ಎಂದು ಬೈದ. ಅತ್ತಿಗೆ ಹೋಳಿಗೆ ತಟ್ಟಿ, ತುಪ್ಪ ಸುರಿದು, ಬೇಡವೆಂದರೂ ಬಡಿಸಿದಳು. ಒಳ್ಳೆಯ ಹೆಂಗಸು ಅವಳು. ಊಟ ಮುಗಿಯುವ ತನಕ ತಡೆದುಕೊಂಡು, ಕೈ ತೊಳೆಯುತ್ತಲೇ ಮಾತು ತೆಗೆದೆ. ಮುದುಕಿಯ ಮೊಮ್ಮಗಳು ಕಾಲೇಜು ಬಿಡುವ ಹಾಗಾಗಿದೆ ಎಂದೆ.

“ಅಯ್ಯೋ ಪಾಪ! ಓದೋ ಕೂಸ್ನ ಯಾಕ ಬುಡ್ಸವ್ರು? ಲ್ಯಾಪ್‌ಟಾಪ್ ಕೊಡ್ಸನ. ಫೀಜು ನಾನೇ ಕಟ್ತೀನಿ ಅಂತ ಯೋಳು” ಎಂದ ಅಣ್ಣ. ಒಂದು ಗಳಿಗೆಯೂ ಯೋಚಿಸಲಿಲ್ಲ.

“ಲ್ಯಾಪ್‌ಟಾಪ್ ಬೇಡ ಅಣ್ಣ. ದಾರಿ ಬೇಕು. ನಮ್ಮ ಹೊಲದ ದಾರಿ.”

ಅವನಿಗೆ ಥಟ್ಟನೆ ಅರ್ಥವಾಗಲಿಲ್ಲ. ಆಮೇಲೆ, “ಅದಾ? ಈಗ ಹೆಂಗುಸ್ರಿಗ ಬಸ್ಸೇ ಫ್ರೀ ಅಲ್ವಾ, ಅದ್ಯಾನ ಕಷ್ಟ?” ಎಂದ. ಬಸ್ಸಿನ ತನಕ ಹೋಗುವುದೇ ಕಷ್ಟ ಎಂದೆ. ಅವನು ಗೋಡೆಯ ಕತೆ ಹೇಳಿದ. ಕಾಲೋನಿಯ ಕಡೆಯದು ನೈಋತ್ಯ ಮೂಲೆಯಂತೆ. ವಾಸ್ತು ನೋಡಿದವರು ಅಲ್ಲಿ ಕಿಂಡಿ ಕೂಡ ಇರಬಾರದು, ಇದ್ದರೆ ಯಜಮಾನನ ಜೀವಕ್ಕೇ ಕೇಡು ಎಂದಿದ್ದರಂತೆ. ಅದನ್ನು ಕೇಳಿದ ಮೇಲೆ ಅತ್ತಿಗೆ ಒಂದು ವಾರ ನಿದ್ದೆ ಮಾಡಿರಲಿಲ್ಲವಂತೆ. ಅಪ್ಪ ಆ ಮೂಲೆಯ ಕವೆಯ ಪಕ್ಕವೇ ಬದುವಿನಲ್ಲಿ ಕೂತು ಎಂಬತ್ತು ದಾಟಿದರು ಎಂದೆ. ಅಣ್ಣ ನಕ್ಕ, ಅತ್ತಿಗೆ ನಗಲಿಲ್ಲ.

“ಅಲ್ಲ ಕಣಮ್ಮಿ, ಅಷ್ಟು ಕಷ್ಟ ಇದ್ರ ನನ್ನತ್ರ ಬಂದು ಯೋಳ್ಬೇಕಲ್ವಾ? ನಾನೇನ್ ಉಲಿಯಾ? ಒಬ್ರೂ ಬರ್ನಿಲ್ಲ.”

ಅದನ್ನು ಅವನು ನೊಂದುಕೊಂಡು ಹೇಳಿದ. ತನ್ನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ಬಂದರೆ ಚಂದಾ ಕೇಳುವವರೇ ಬರುತ್ತಾರೆ ಎಂಬ ಕೊರಗು ಅವನಿಗೆ ಇತ್ತು. ಅವನ ಮೇಲೆ ರೇಗಬೇಕೋ ಅವನಿಗಾಗಿ ಮರುಗಬೇಕೋ ತಿಳಿಯದೆ ಎಲೆ ಅಡಿಕೆ ತಟ್ಟೆ ಎಳೆದುಕೊಂಡೆ.

ಹೇಗೂ ಬಂದಿದ್ದಾಳೆಂದು ಅತ್ತಿಗೆ ಅಂದೇ ಬಾಗಿನದ ಮೊರ ತಂದಳು. ಅದನ್ನು ಕೊಡುವಾಗ ಅಣ್ಣ ಒಂದು ಮಾತು ಹೇಳಿದ. ಹೊಲದ ಒಂದು ಭಾಗದಲ್ಲಿ ಪ್ರವಾಸಿಗಳಿಗೆ ಕಾಟೇಜು ಕಟ್ಟಬೇಕು, ಅದಕ್ಕೆ ಜಮೀನೆಲ್ಲ ಅವನೊಬ್ಬನ ಹೆಸರಿಗೆ ಬರಬೇಕು, ನನ್ನ ಸಹಿ ಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ತವರಿನಲ್ಲಿ ಪಾಲು ಕೇಳುವುದಿಲ್ಲ. ಕೇಳಿದವಳಿಗೆ ಮುಂದಿನ ವರ್ಷದಿಂದ ಬಾಗಿನ ಇಲ್ಲ, ಬಾಣಂತನಕ್ಕೆ ಬಂದ ಮಗಳಿಗೆ ಮಡಿಲಕ್ಕಿ ಇಲ್ಲ. ಕರೆದ ಕಡೆ ಹೋಗಿ ಸಹಿ ಹಾಕಿ, ಸೀರೆ ತೆಗೆದುಕೊಂಡು ಬರುವುದು ರೂಢಿ. ನಾನೂ ಹಾಗೇ ಮಾಡುವವಳಿದ್ದೆ. ಮೊರದಲ್ಲಿನ ಬಳೆ, ಬಿಚ್ಚೋಲೆ ನೋಡುತ್ತಾ ನನಗೆ ಒಂದು ಯೋಚನೆ ಬಂತು.

“ಸಹಿ ಹಾಕ್ತೀನಿ ಅಣ್ಣ. ನನ್ನ ಪಾಲು ಅಂತ ಒಂದೇ ಕೇಳ್ತೀನಿ. ಆ ದಾರಿ ಬಿಟ್ಟುಕೊಡು.”

ಅತ್ತಿಗೆಯ ಮುಖ ಸಣ್ಣಗಾಯಿತು. ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳಿಗೆ ಸಾಕಾಗಿತ್ತು. ಅಣ್ಣ ನನ್ನನ್ನೇ ನೋಡಿದ, ಆಮೇಲೆ ಜೋರಾಗಿ ನಕ್ಕುಬಿಟ್ಟ. “ಅಷ್ಟೇಯಾ? ನಾನು ಯಾನೋ ಅನ್ಕಂಡೆ. ಬುಡು, ಗೋಡಲಿ ಬಾಗ್ಲು ಇಡುಸ್ತೀನಿ. ವಾಸ್ತುದೋರು ತಾಮ್ರದ ತಗಡು ಊತ್ರ ಸರೋಯ್ತದ ಅಂದಿದ್ರು. ಅಪ್ಪನ ಯೆಸ್ರಲ್ಲೇ ಮಾಡನ ಕಣಮ್ಮಿ.”

ಅವನ ಕಣ್ಣಲ್ಲಿ ನೀರು ಇತ್ತು. ನನ್ನ ಕಣ್ಣಲ್ಲೂ ಬಂತು. ದೀಪಾವಳಿ ಕಳೆದ ಮೇಲೆ ಗುಂಡ್ಲುಪೇಟೆಯ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾನೇ ದೊಡ್ಡ ಮನುಷ್ಯಳಾಗಿ ಕಂಡೆ. ಎಲ್ಲರೂ ಸೀರೆ ತಂದರು, ನಾನು ಒಂದು ದಾರಿ ಬಿಡಿಸಿ ಬಂದೆ ಎಂದು ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ.

ಸಂಕ್ರಾಂತಿಯ ಹೊತ್ತಿಗೆ ಅಣ್ಣನಿಂದ ವಾಟ್ಸಾಪಿನಲ್ಲಿ ಫೋಟೊ ಬಂತು. ಬಾಗಿಲು ಆಗಿತ್ತು. ಪೂಜೆಗೆ ಬಾ ಎಂದಿದ್ದ. ಹೋದೆ. ಎಷ್ಟು ಚೆನ್ನಾಗಿ ಮಾಡಿಸಿದ್ದ! ಕಾಲೋನಿಯ ಕಡೆ ಒಂದು, ಬಸ್ ಸ್ಟಾಪಿನ ಕಡೆ ಒಂದು, ಎರಡಕ್ಕೂ ಕಬ್ಬಿಣದ ಹೂಬಳ್ಳಿಯ ಗೇಟು, ನಡುವೆ ಕಾಲಿಗೆ ಕೆಸರು ತಾಗದ ಹಾಗೆ ಹಾಸುಗಲ್ಲು, ಅಪ್ಪನ ಸ್ಮರಣಾರ್ಥ ಎಂದು ಕೆತ್ತಿದ ಕರಿಕಲ್ಲು. ಅಯ್ಯನವರು ಕಾಯಿ ಒಡೆದರು. ಕಾಲೋನಿಯಿಂದಲೂ ನಾಲ್ಕಾರು ಜನ ಬಂದು ದೂರ ನಿಂತಿದ್ದರು. ಅತ್ತಿಗೆ ತಾನೇ ಹೋಗಿ ಅವರ ಕೈಗೆ ಎಳ್ಳುಬೆಲ್ಲ ಕೊಟ್ಟಳು. ಆ ಹುಡುಗಿ ಕಾಣಲಿಲ್ಲ. ಹಬ್ಬ, ಮನೆಯಲ್ಲಿ ಕೆಲಸ ಇರುತ್ತದೆ ಅಂದುಕೊಂಡೆ.

ಕರಿಕಲ್ಲಿನ ಕೆಳಗೆ ಒಂದು ಸಣ್ಣ ಫಲಕ ಇತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎಂದು ಬರೆದಿತ್ತು.

“ಇದೇನಣ್ಣ?”

“ವಾಚ್‌ಮನ್ ಡ್ಯೂಟಿ ಬದ್ಲಾಯ್ಸೋದು ಒಂಬತ್ಗ. ಆಗ ಬೀಗ ತೆಗೀತಾನ. ಸಂಜ ಮುಚ್ತಾನ. ಅದ್ಕೂ ಮುಂಚ ಯಾರಮ್ಮಿ ಓಡಾಡ್ತಾರ?”

“ಆ ಹುಡುಗಿ ಕಾಲೇಜಿಗೆ ಹೋಗಬೇಕಲ್ಲ ಅಣ್ಣ.”

“ಕಾಲೇಜು ಅತ್ತು ಗಂಟಗ ತಾನೇ? ಇಲ್ಲಿಂದ ಒಂಬತ್ತೂವರಗ ಒಂಟ್ರ ಅರಾಮಾಗಿ ಓಗ್ಬೌದು. ನಮ್ ಉಡುಗ್ರು ಆಗೇ ಓಗ್ತಿದ್ದದ್ದು.”

ಅವನ ಹುಡುಗರು ಕಾರಿನಲ್ಲಿ ಹೋಗುತ್ತಿದ್ದರು. ಅವಳ ಬಸ್ಸು ಒಂಬತ್ತಕ್ಕೆ ಬಹಳ ಮುಂಚೆಯೇ ಹೋಗಿಬಿಡುತ್ತದೆ. ಬಸ್ಸು ಯಾವಾಗ ಬರುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ, ಅದು ತಪ್ಪಿದರೆ ಮುಂದಿನದಕ್ಕೆ ಎಷ್ಟು ಕಾಯಬೇಕು, ಒಂದೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಮಂಜಿನಲ್ಲಿ ಮೂಟೆ ಹೊತ್ತು ಓಡಿದವನು ಇವನೇ. ನಾನು ಅವನ ಮುಖವನ್ನೇ ನೋಡಿದೆ. ಕಪಟ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ನೆಮ್ಮದಿಯಾಗಿರುತ್ತಿತ್ತು, ಬೈದು ಮುಗಿಸಬಹುದಿತ್ತು.

“ನೀನು ಎಷ್ಟು ಹೊತ್ತಿಗೆ ಹೋಗ್ತಿದ್ದೆ ಅಣ್ಣ ಇದೇ ದಾರೀಲಿ?”

“ಅದು ಆ ಕಾಲ ಕಣಮ್ಮಿ. ಈಗ ಯಾರು ಅಷ್ಟು ಕಷ್ಟ ಬೀಳ್ತಾರ?” ಎಂದು ಹೇಳಿ, ಅಯ್ಯನವರನ್ನು ಊಟಕ್ಕೆ ಕರೆದುಕೊಂಡು ಹೋದ.

ಊಟವಾದ ಮೇಲೆ ಹೊಸ ಹಾಸುಗಲ್ಲಿನ ಮೇಲೆ ನಡೆದು ಕಾಲೋನಿಗೆ ಹೋದೆ. ಮುದುಕಿ ಹೊಸ್ತಿಲಲ್ಲಿ ಇದ್ದಳು. ಹುಡುಗಿ ಇರಲಿಲ್ಲ.

“ಕೂಸು ಎಲ್ಲಿ?”

“ಗಾರ್ಮೆಂಟ್ಸ್‌ಗ ಓಯ್ತದ ಕಣವ್ವ, ನಂಜನಗೂಡ್ ಕಡಗ. ಆಯುಧಪೂಜ ಆದ್ಮೇಲ ಸೇರ್ಕಂತು. ಇವತ್ತೂ ರಜ ಕೊಡ್ನಿಲ್ಲ.”

ನಾನು ಸಹಿ ಹಾಕುವ ಹೊತ್ತಿಗೆ ಅವಳು ಆಗಲೇ ಬಟ್ಟೆ ಹೊಲಿಯುತ್ತಿದ್ದಳು. ಸಹಿ ಹಾಕಿ ಬರುವಾಗ ಇಲ್ಲಿ ಇಳಿದು ಅವಳನ್ನು ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಮುದುಕಿ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದಳು.

“ಬೇಜಾರ್ ಮಾಡ್ಕಬ್ಯಾಡ ಕಣವ್ವ. ಕಂಪ್ನಿ ಬಸ್ಸು ಕತ್ಲಲ್ಲೇ ಬತ್ತದ. ನಮ್ ಮನ ಬಾಗ್ಲಿಗೇ ಬತ್ತದ. ಅದ್ಕ ಯಾರ್ ಒಲ್ದ ದಾರಿನೂ ಬ್ಯಾಡ.”

ಹುಡುಗಿ ಬರುವ ತನಕ ಇರೋಣ ಎಂದು ಕೂತೆ. ಅವಳು ಬರಲಿಲ್ಲ, ಹೊತ್ತು ಮುಳುಗಿದ ಮೇಲೇ ಬರುವುದಂತೆ. ಗೂಡಿನಲ್ಲಿ ಅವಳ ಪುಸ್ತಕಗಳು ಇದ್ದವು, ಮೇಲೆ ಅಕ್ಕಿ ಡಬ್ಬ ಇಟ್ಟಿತ್ತು. ಐದು ದಾಟಿದ ಮೇಲೆ ಎದ್ದು ಗೋಡೆಯ ಹತ್ತಿರ ಬಂದರೆ ಹೂಬಳ್ಳಿಯ ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದ ಗೋಡೆಯಲ್ಲಿ ಮಾತಾಡುವ ಸಣ್ಣ ಡಬ್ಬ, ಅದರ ಮೇಲೆ ಒತ್ತುವ ಗುಂಡಿ. ಒತ್ತಿದೆ. ಮೇಲಿನ ಕ್ಯಾಮೆರಾದಲ್ಲಿ ಕೆಂಪು ದೀಪ ಹತ್ತಿತು. ಡಬ್ಬದೊಳಗಿಂದ ಒಂದು ಗಂಡಸಿನ ದನಿ ಬಂತು, ನನಗೆ ಗುರುತಿಲ್ಲದ ದನಿ.

“ಯಾರು? ಎಲ್ಲಿಂದ ಬಂದಿದ್ದೀರಾ?”

ಯಜಮಾನರ ತಂಗಿ ಎಂದಿದ್ದರೆ ಓಡಿ ಬಂದು ತೆಗೆಯುತ್ತಿದ್ದ. ಹೇಳಲು ಬಾಯಿ ತೆರೆದೆ.

“ಕಾಲೋನಿಯಿಂದ” ಎಂದೆ.

“ಟೈಮ್ ಆಯ್ತಮ್ಮ. ಬೆಳಿಗ್ಗೆ ಒಂಬತ್ತು ಗಂಟೆಗೆ ಬನ್ನಿ” ಎಂದಿತು ದನಿ. ಕೆಂಪು ದೀಪ ಆರಿತು. ನಾನು ಸೆರಗು ಸುತ್ತಿಕೊಂಡು, ಗೋಡೆ ಹಿಡಿದು, ಟಿಪ್ಪರ್ ಓಡಾಡುವ ರಸ್ತೆಯ ಕಡೆ ನಡೆದೆ.